ಕೂದಲಿಗೆ ಗಂಜಿ ಹಾಕಿದ ಕಥೆ

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯಾದರೆ, ಕನ್ನಡಿಯ ಪಕ್ಕದ ಗೂಡಿನಲ್ಲಿ ತೆಂಗಿನೆಣ್ಣೆಯ ಸೀಸೆಯ ಜೊತೆಗೆ ಒಂದು ಜೆಲ್ ಡಬ್ಬಿಯೂ ಕುಳಿತಿರುವುದನ್ನು ನೀವು ಕಂಡಿರುತ್ತೀರಿ. ನೋಡಲು ನೀರಿನಷ್ಟು ತಿಳಿ, ಮುಟ್ಟಿದರೆ ಲೋಳೆ, ಹಚ್ಚಿ ಒಣಗಿತೆಂದರೆ ಕಡ್ಡಿಯಂತೆ ಬಿರುಸು. ಹಿರಿಯರ ಕಣ್ಣಿಗೆ ಇದು ನಿನ್ನೆ ಮೊನ್ನೆ ಬಂದ ಶೋಕಿ. ಆದರೆ ಕೂದಲನ್ನು ಹೇಳಿದ ಕಡೆ ನಿಲ್ಲಿಸಬೇಕೆಂಬ ಆಸೆ ಎರಡು ಸಾವಿರ ವರ್ಷಗಳಿಗಿಂತ ಹಳೆಯದು. ಕಿರುತೆರೆಯ ಮಾತುಕತೆಯಲ್ಲಿ ಇಂಥ ವಿಷಯಕ್ಕೆ ಸಿಗುವ ನಿಮಿಷಗಳು ಕಡಿಮೆ. ಅಚ್ಚಿನಲ್ಲಿ ಸ್ವಲ್ಪ ಸಾವಕಾಶವಾಗಿ ಮಾತಾಡಬಹುದು.

ಮೊದಲು ಒಂದು ಪ್ರಶ್ನೆ. ಒಂದೇ ಡಬ್ಬಿಯ ಜೆಲ್ಲನ್ನು ಅಣ್ಣನೂ ತಂಗಿಯೂ ಹಚ್ಚಿಕೊಳ್ಳುತ್ತಾರೆ. ಅಣ್ಣನದು ನೇರ ಕೂದಲು, ಹೇಳಿದಂತೆ ಕೇಳುತ್ತದೆ. ತಂಗಿಯದು ಗುಂಗುರು ಕೂದಲು, ಡಬ್ಬಿಯ ಮೇಲಿನ ಸೂಚನೆಯನ್ನು ಅಕ್ಷರಶಃ ಪಾಲಿಸಿದರೂ ಮಧ್ಯಾಹ್ನದ ಹೊತ್ತಿಗೆ ಕೆದರಿ ನಿಲ್ಲುತ್ತದೆ. ಮನೆಯವರೆಲ್ಲ ಸೇರಿ ಕೊಡುವ ತೀರ್ಪು, "ನಿನ್ನ ಕೂದಲೇ ಸರಿಯಿಲ್ಲ." ತಪ್ಪು ನಿಜವಾಗಿ ಕೂದಲಿನದೇ, ಡಬ್ಬಿಯದೇ? ಈ ಲೇಪನಗಳು ನಡೆದು ಬಂದ ದಾರಿಯನ್ನು ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ.

ಜೆಲ್ ಮಾಡುವ ಕೆಲಸವೇನು? ಹತ್ತಿ ಸೀರೆಗೆ, ಪಂಚೆಗೆ ಗಂಜಿ ಹಾಕುವುದನ್ನು ನೆನೆಸಿಕೊಳ್ಳಿ. ಗಂಜಿ ನೂಲಿನ ಮೇಲೆ ತೆಳ್ಳನೆಯ ಪೊರೆಯಾಗಿ ಒಣಗಿ, ಬಟ್ಟೆಯನ್ನು ಮಡಿಚಿದ ಹಾಗೆಯೇ ಹಿಡಿದಿಡುತ್ತದೆ. ಜೆಲ್ ಕೂದಲಿಗೆ ಹಾಕುವ ಗಂಜಿ. ಒಣಗಿದಾಗ ಪಕ್ಕಪಕ್ಕದ ಎಳೆಗಳನ್ನು ಅಲ್ಲಲ್ಲಿ ಅಂಟಿಸಿ ನಿಲ್ಲಿಸುತ್ತದೆ. ಜೊತೆಗೆ ಕೂದಲಿನ ಸ್ವಭಾವದ ಸಹಾಯವೂ ಉಂಟು. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರೊಳಗಿನ ಬಂಧಗಳಲ್ಲಿ ಕೆಲವು ನೀರು ಸೋಕಿದರೆ ಬಿಡಿಸಿಕೊಂಡು, ಒಣಗಿದಾಗ ಮತ್ತೆ ಕೂಡಿಕೊಳ್ಳುತ್ತವೆ. ಒದ್ದೆ ತಲೆಯಲ್ಲಿ ಮಲಗಿ ಎದ್ದವರ ಕೂದಲು ದಿನವಿಡೀ ಒಂದೇ ಕಡೆ ವಾಲಿಕೊಂಡಿರುವುದು ಈ ಕಾರಣದಿಂದಲೇ. ಜೆಲ್ಲಿನಲ್ಲಿರುವ ನೀರು ಬಂಧಗಳನ್ನು ಸಡಿಲಿಸುತ್ತದೆ, ಉಳಿಯುವ ಪೊರೆ ಹೊಸ ಆಕಾರವನ್ನು ಕಾಯುತ್ತದೆ. ಪೊರೆ ಒಣಗಿದ ಮೇಲೆ ಬಾಚಣಿಗೆ ಆಡಿಸಿದಿರೋ, ಅದು ಮುರಿದು ಬಿಳಿಯ ಪುಡಿಯಾಗಿ ಉದುರುತ್ತದೆ. ಅದನ್ನು ಕಂಡು ತಲೆಹೊಟ್ಟು ಬಂತೆಂದು ಗಾಬರಿಯಾಗುವವರು ಬಹಳ ಮಂದಿ.

ಈಗ ಹಿಂದಕ್ಕೆ ಹೋಗೋಣ. ಈಜಿಪ್ಟಿನ ಪಶ್ಚಿಮದ ಮರುಭೂಮಿಯಲ್ಲಿ ದಖ್ಲಾ ಎಂಬ ಓಯಸಿಸ್ ಇದೆ. ಅಲ್ಲಿನ ಸ್ಮಶಾನದಲ್ಲಿ ದೊರೆತ ಮತ್ತು ವಸ್ತುಸಂಗ್ರಹಾಲಯಗಳಲ್ಲಿದ್ದ ಒಟ್ಟು 18 ಮಮ್ಮಿಗಳ ಕೂದಲನ್ನು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ನಟಾಲಿ ಮೆಕ್ರೀಶ್ ಮತ್ತು ಸಂಗಡಿಗರು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ 9 ಮಮ್ಮಿಗಳ ಕೂದಲಿನ ಮೇಲೆ ಕೊಬ್ಬಿನಂಥ ವಸ್ತುವಿನ ಲೇಪನವಿತ್ತು. ಪಾಮಿಟಿಕ್ ಮತ್ತು ಸ್ಟಿಯರಿಕ್ ಆಮ್ಲಗಳು, ಎಂದರೆ ನಮ್ಮ ಅಡುಗೆಮನೆಯ ಕೊಬ್ಬುಗಳಲ್ಲಿ ಇರುವಂಥವೇ. ಸ್ವಾರಸ್ಯವಿರುವುದು ಇನ್ನೊಂದು ಸಂಗತಿಯಲ್ಲಿ. ಶವವನ್ನು ಕಾಪಿಡಲು ಬಳಸುತ್ತಿದ್ದ ರಾಳ ಮುಂತಾದವು ಕೂದಲಿನಲ್ಲಿ ಇರಲಿಲ್ಲ. ಆದ್ದರಿಂದ ಕೇಶವನ್ನು ಬೇರೆಯಾಗಿಯೇ ಅಲಂಕರಿಸುತ್ತಿದ್ದರು, ಬದುಕಿರುವಾಗಲೂ ಇದೇ ಲೇಪನವನ್ನು ಬಳಸಿರಬೇಕು ಎಂಬುದು ಆ ವಿದ್ವಾಂಸರ ತರ್ಕ. ಸತ್ತ ಮೇಲೂ ಗುಂಗುರು ಕೆಡಬಾರದೆಂಬ ಕಾಳಜಿ!

ಇನ್ನೊಂದು ಸಾಕ್ಷಿ ಐರ್ಲೆಂಡಿನದು. 2003ರಲ್ಲಿ ಮೀತ್ ಪ್ರಾಂತದ ಕ್ಲೋನಿಕ್ಯಾವನ್ ಎಂಬಲ್ಲಿ ಜೌಗು ನೆಲದಿಂದ ಇದ್ದಿಲಗೊಬ್ಬರದಂಥ ಮಣ್ಣನ್ನು ಅಗೆಯುವಾಗ ಒಬ್ಬ ಪುರುಷನ ಶವ ಸಿಕ್ಕಿತು. ಕೊಲೆಯಾದ ಮನುಷ್ಯ. ಕಾಲ ಕ್ರಿಸ್ತಪೂರ್ವ 4 ಮತ್ತು 3ನೇ ಶತಮಾನಗಳ ನಡುವೆ. ಜೌಗಿನಲ್ಲಿ ಹೂತಿದ್ದ ದೇಹ ಕೊಳೆಯದೆ ಉಳಿದಿತ್ತು, ಕೂದಲೂ ಉಳಿದಿತ್ತು. ತಲೆಯ ಮೇಲೆ ಎತ್ತರಕ್ಕೆ ಕಟ್ಟಿದ್ದ ಆ ಕೂದಲಿಗೆ ಸಸ್ಯದ ಎಣ್ಣೆ ಮತ್ತು ಪೈನ್ ಮರದ ಅಂಟನ್ನು ಕಲಸಿ ಹಚ್ಚಲಾಗಿತ್ತು. ಆ ಅಂಟು ಐರ್ಲೆಂಡಿನದಲ್ಲ, ಫ್ರಾನ್ಸಿನ ನೈಋತ್ಯ ಭಾಗದಿಂದಲೋ ಸ್ಪೇನಿನ ಉತ್ತರದಿಂದಲೋ ಬಂದದ್ದು. ಕೂದಲು ನಿಲ್ಲಿಸುವ ಅಂಟಿಗಾಗಿ ಆ ಕಾಲದಲ್ಲಿ ಸಮುದ್ರದಾಚೆಯ ವ್ಯಾಪಾರ ನಡೆದಿತ್ತೆಂದರೆ, ಇಂದಿನ ಹುಡುಗರ ಖರ್ಚಿನ ಬಗ್ಗೆ ನಾವು ಆಡುವ ಮಾತನ್ನು ಸ್ವಲ್ಪ ಮೆದು ಮಾಡಿಕೊಳ್ಳಬೇಕಾದೀತು. ಆತನ ದೇಹವನ್ನು ಡಬ್ಲಿನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ಒಂದೊಂದು ಜನಾಂಗ ತನ್ನ ಕೂದಲಿಗೆ ತಕ್ಕ ಲೇಪನವನ್ನು ತಾನೇ ಕಂಡುಕೊಂಡಿತು. ಜಪಾನಿನ ಸುಮೋ ಜಟ್ಟಿಗಳದು ದಪ್ಪನೆಯ ನೇರ ಕೂದಲು. ಅದನ್ನು ಮಡಿಚಿ ಜುಟ್ಟು ಕಟ್ಟಲು ಬಿನ್‌ತ್ಸುಕೆ ಎಂಬ ಗಟ್ಟಿಯಾದ ಸುವಾಸನೆಯ ಮೇಣ ಬೇಕು. ಜಟ್ಟಿಗಳ ಜುಟ್ಟು ಕಟ್ಟುವುದಕ್ಕೆಂದೇ ತೊಕೊಯಾಮ ಎಂಬ ಕಸುಬಿನವರು ಇಂದಿಗೂ ಇದ್ದಾರೆ. ನಮೀಬಿಯಾದ ಹಿಂಬಾ ಹೆಂಗಸರದು ಬಿಗಿಯಾಗಿ ಸುತ್ತಿಕೊಳ್ಳುವ ಕೂದಲು. ಅದಕ್ಕೆ ಬೆಣ್ಣೆಯ ಕೊಬ್ಬು ಮತ್ತು ಕೆಮ್ಮಣ್ಣನ್ನು ಕಲಸಿದ ಒಟ್‌ಜಿಜೆ. ಒಣ ಸೀಮೆಯಲ್ಲಿ ಕೂದಲಿನ ಪಸೆ ಆರದಂತೆ ಅದು ಕಾಯುತ್ತದೆ, ಜಡೆಯನ್ನು ಹಿಡಿದೂ ಇಡುತ್ತದೆ. ಈ ಎರಡನ್ನು ಅದಲು ಬದಲು ಮಾಡಿ ನೋಡಿ, ಎರಡೂ ಕೆಟ್ಟವು.

ನಮ್ಮಲ್ಲಿ? ನಮ್ಮ ಹೆಂಗಸರು ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಬಿಗಿಯಾಗಿ ಹೆಣೆದರು. ಕೂದಲನ್ನು ನಿಲ್ಲಿಸಿದ್ದು ಲೇಪನವಲ್ಲ, ಜಡೆಯ ಹೆಣಿಗೆ. ಲೋಳೆಯ ಗುಣ ನಮಗೆ ತಿಳಿಯದೇ ಇರಲಿಲ್ಲ. ದಾಸವಾಳದ ಎಲೆ, ಮತ್ತಿಸೊಪ್ಪು, ಲೋಳೆಸರ, ನೆನೆಸಿದ ಮೆಂತೆ ಎಲ್ಲವೂ ಲೋಳೆಯೇ. ಆದರೆ ಅವನ್ನು ತಲೆ ತೊಳೆಯಲು, ತಂಪಿಗೆ ಬಳಸಿದೆವೇ ಹೊರತು ಹಚ್ಚಿ ಹಾಗೆಯೇ ಬಿಡಲಿಲ್ಲ. ಗಂಡಸರಿಗೆ ಜುಟ್ಟಿತ್ತು. ಗಂಟು ಹಾಕಿದ ಜುಟ್ಟಿಗೆ ಜೆಲ್ ಯಾತಕ್ಕೆ? ಕಳೆದ ಶತಮಾನದ ಮೊದಲ ಭಾಗದಲ್ಲಿ ಜುಟ್ಟು ಹೋಗಿ ಕ್ರಾಪು ಬಂತು. ಎಷ್ಟೋ ಮನೆಗಳಲ್ಲಿ ಅದಕ್ಕಾಗಿ ಅಪ್ಪ ಮಕ್ಕಳ ನಡುವೆ ಮಾತು ನಿಂತದ್ದೂ ಉಂಟು. ಕ್ರಾಪಿನ ಹಿಂದೆಯೇ ಬೈತಲೆ ನಿಲ್ಲಿಸುವ ವಿಲಾಯಿತಿ ಕ್ರೀಮು ಬಂತು.

ಆ ವಿಲಾಯಿತಿ ಸರಕಿನ ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು. 18ನೇ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನಲ್ಲಿ ರೋಲೆಂಡ್ ಎಂಬ ಕ್ಷೌರಿಕರು ಮಕಾಸರ್ ಎಣ್ಣೆಯನ್ನು ಮಾರತೊಡಗಿದರು. ಮಕಾಸರ್ ಎಂಬುದು ಇಂಡೊನೇಶಿಯಾದ ಸುಲವೇಸಿ ದ್ವೀಪದ ಬಂದರು. ನಮ್ಮ ಕಾಡುಗಳಲ್ಲಿ ಬೆಳೆಯುವ ಸಾಗಡೆ ಮರದ ಬೀಜದ ಎಣ್ಣೆಗೂ ಇದೇ ಹೆಸರು ನಿಂತಿದೆ. ಈ ಎಣ್ಣೆ ಹಚ್ಚಿದ ತಲೆಗಳು ಒರಗಿ ಒರಗಿ ಕುರ್ಚಿಗಳ ಬೆನ್ನೆಲ್ಲ ಜಿಡ್ಡಾಗಲು, ಗೃಹಿಣಿಯರು ಅಲ್ಲಿಗೆ ಕಸೂತಿಯ ಚೌಕಗಳನ್ನು ಹೊದಿಸಿದರು. ಇಂಗ್ಲಿಷಿನಲ್ಲಿ ಆ ಬಟ್ಟೆಯ ಹೆಸರೇ ಆಂಟಿಮಕಾಸರ್. ನಮ್ಮ ಹಳೆಯ ಮನೆಗಳ ಸೋಫಾಗಳ ಮೇಲೆ ಹಾಕುವ ಕ್ರೋಷಾ ಬಟ್ಟೆಯ ಮೂಲವೂ ಇದೇ.

ಎಣ್ಣೆ ಹೊಳಪು ಕೊಡುತ್ತದೆ, ಆದರೆ ಒಣಗುವುದಿಲ್ಲ, ಪೊರೆ ಕಟ್ಟುವುದಿಲ್ಲ. ಇಂದಿನ ಜೆಲ್ಲಿನ ನಿಜವಾದ ಅಜ್ಜಿ 19ನೇ ಶತಮಾನದ ಬ್ಯಾಂಡೊಲೀನ್. ಕ್ವಿನ್ಸ್ ಹಣ್ಣಿನ ಬೀಜವನ್ನೋ ಸಮುದ್ರದ ಪಾಚಿಯನ್ನೋ ನೀರಿನಲ್ಲಿ ಕುದಿಸಿ ತೆಗೆದ ಲೋಳೆ ಅದು. ಆ ಬೀಜ ನಮ್ಮ ಯುನಾನಿ ಔಷಧಿಯ ಅಂಗಡಿಗಳಲ್ಲಿ ಬಿಹಿದಾನ ಎಂಬ ಹೆಸರಿನಲ್ಲಿ ಸಿಗುತ್ತದೆ. ಯೂರೋಪಿನ ಹೆಂಗಸರು ಈ ಲೋಳೆಯನ್ನು ಮನೆಯಲ್ಲೇ ಮಾಡಿ, ಹಣೆಯ ಎರಡು ಕಡೆ ಕೂದಲನ್ನು ನುಣ್ಣಗೆ ಕೂರಿಸುತ್ತಿದ್ದರು.

1928ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಬ್ರಿಲ್‌ಕ್ರೀಮ್ ಹುಟ್ಟಿತು. ಖನಿಜ ತೈಲ, ನೀರು ಇವುಗಳನ್ನು ಜೇನುಮೇಣದ ನೆರವಿನಿಂದ ಬೆರೆಸಿದ ಬಿಳಿಯ ಮುಲಾಮು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ತರುಣರಿಗೆ "ಬ್ರಿಲ್‌ಕ್ರೀಮ್ ಹುಡುಗರು" ಎಂಬ ಅಡ್ಡಹೆಸರೇ ಬಿತ್ತು. ಯುದ್ಧದ ನಂತರ ಜಾಹೀರಾತುಗಳಲ್ಲಿ ತಲೆ ತೋರಿಸಿದವರು ಕ್ರಿಕೆಟಿಗ ಡೆನಿಸ್ ಕಾಂಪ್ಟನ್. (1944-45ರ ರಣಜಿ ಫೈನಲಿನಲ್ಲಿ ಹೋಳ್ಕರ್ ತಂಡದ ಪರವಾಗಿ ಬೊಂಬಾಯಿಯ ವಿರುದ್ಧ ಔಟಾಗದೆ 249 ಹೊಡೆದವರು ಇವರೇ. ಕ್ರಿಕೆಟ್ ಪ್ರಿಯರು ಈ ವಿಷಯಾಂತರವನ್ನು ಮನ್ನಿಸುತ್ತಾರೆಂದು ನಂಬುತ್ತೇನೆ.)

ಮುಂದಿನ ಹೆಜ್ಜೆಯನ್ನು ಇಟ್ಟದ್ದು ರಸಾಯನಶಾಸ್ತ್ರ. ಜರ್ಮನಿಯ ವಾಲ್ಟರ್ ರೆಪ್ಪೆ ಸೃಷ್ಟಿಸಿದ ಪಿ.ವಿ.ಪಿ. ಎಂಬ ಪಾಲಿಮರಿಗೆ 1939ರಲ್ಲಿ ಪೇಟೆಂಟ್ ದೊರೆಯಿತು. ಯುದ್ಧಕಾಲದಲ್ಲಿ ಗಾಯಾಳುಗಳಿಗೆ ರಕ್ತದ ಪ್ಲಾಸ್ಮಾದ ಬದಲಿಗೆ ಕೊಟ್ಟ ದ್ರಾವಣದಲ್ಲಿದ್ದದ್ದು ಇದೇ. ಯುದ್ಧ ಮುಗಿದ ಮೇಲೆ ಇದು ಒಣಗಿದರೆ ಗಾಜಿನಂಥ ತೆಳು ಪೊರೆಯಾಗುತ್ತದೆ, ತೊಳೆದರೆ ಹೋಗುತ್ತದೆ ಎಂಬ ಗುಣ ಕೇಶದ ವ್ಯಾಪಾರಿಗಳ ಕಣ್ಣಿಗೆ ಬಿತ್ತು. 1950ರ ದಶಕದಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪೆನಿಯಿಂದ ಕಾರ್ಬೊಪಾಲ್ ಬಂತು. ಬಿಳಿಯ ಪುಡಿ. ನೀರಿಗೆ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಹಾಕಿ, ಒಂದಿಷ್ಟು ಕ್ಷಾರ ಸೇರಿಸಿದರೆ, ಮುದುಡಿದ್ದ ಅದರ ಅಣುಸರಪಳಿಗಳು ಒಂದನ್ನೊಂದು ದೂಡುತ್ತ ಬಿಚ್ಚಿಕೊಂಡು ನೀರನ್ನೆಲ್ಲ ಹಿಡಿದು ನಿಲ್ಲಿಸುತ್ತವೆ. ಜಿಡ್ಡಿಲ್ಲದ, ಕನ್ನಡಿಯಷ್ಟು ತಿಳಿಯಾದ ಲೋಳೆ ಸಿದ್ಧ. 2020ರ ಕೊರೋನಾ ಕಾಲದಲ್ಲಿ ಕೈಗೆ ಹಚ್ಚಿಕೊಂಡ ಸ್ಯಾನಿಟೈಸರ್ ಜೆಲ್ಲುಗಳಲ್ಲೂ ಸಾಮಾನ್ಯವಾಗಿ ಇದ್ದದ್ದು ಈ ಜಾತಿಯ ಪುಡಿಯೇ. ಇಂಥ ಜೆಲ್ಲಿನ ಮೇಲೆ ಒಂದು ಚಿಟಿಕೆ ಉಪ್ಪು ಉದುರಿಸಿ ನೋಡಿ, ಕಣ್ಣೆದುರೇ ನೀರಾಗುತ್ತದೆ. ಮಕ್ಕಳಿಗೆ ತೋರಿಸಲು ಒಳ್ಳೆಯ ಪ್ರಯೋಗ.

1960ರ ದಶಕದಲ್ಲಿ ಅಮೆರಿಕದಲ್ಲಿ ಡಿಪಿಟಿ-ಡೂ ಎಂಬ ಜೆಲ್ ಮನೆಮಾತಾಯಿತು. ಕೂದಲಿಗೆ ರೋಲರ್ ಸುತ್ತಿ ಅಲೆ ಮೂಡಿಸಿಕೊಳ್ಳುವ ಹೆಂಗಸರಿಗಾಗಿ ಬಂದದ್ದು. ಇಲ್ಲಿ ಒಂದು ಕ್ಷಣ ನಿಲ್ಲಿ. ಬ್ರಿಲ್‌ಕ್ರೀಮ್ ನೇರ ಕೂದಲನ್ನು ಕೂರಿಸಲು, ಡಿಪಿಟಿ-ಡೂ ನೇರ ಕೂದಲಿಗೆ ಅಲೆ ತರಲು. ಕಾರ್ಖಾನೆಯ ಡಬ್ಬಿಯ ಮೇಲೆ ಬರೆದ ಸೂಚನೆ ಒಂದೇ ಬಗೆಯ ಕೂದಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಹಿಂಬಾ ಹೆಂಗಸು, ಸುಮೋ ಜಟ್ಟಿ ತಮ್ಮ ಕೂದಲಿಗೆ ಲೇಪನವನ್ನು ಹೊಂದಿಸಿಕೊಂಡಿದ್ದರು. ಈಗ ಲೇಪನಕ್ಕೆ ಕೂದಲು ಹೊಂದಿಕೊಳ್ಳಬೇಕಾಯಿತು.

ಹೊಂದದ ಕೂದಲಿನವರ ಪಾಡು ಬರಿಯ ಸೌಂದರ್ಯದ ವಿಷಯವಾಗಿರಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 1950ರ ಜನಸಂಖ್ಯಾ ನೋಂದಣಿ ಕಾಯಿದೆಯ ಪ್ರಕಾರ ಪ್ರತಿಯೊಬ್ಬರಿಗೂ ಒಂದು ಜನಾಂಗದ ಹಣೆಪಟ್ಟಿ ಅಂಟಿಸಬೇಕಿತ್ತು. ಸಂದೇಹ ಬಂದಾಗ ಅಧಿಕಾರಿಗಳು ಬಳಸುತ್ತಿದ್ದ ಒಂದು ಕ್ರಮ ಪೆನ್ಸಿಲ್ ಪರೀಕ್ಷೆ. ಕೂದಲಿನೊಳಗೆ ಪೆನ್ಸಿಲ್ ಸಿಕ್ಕಿಸುವುದು. ಜಾರಿ ಬಿದ್ದರೆ ಬಿಳಿಯರು, ಸಿಕ್ಕಿಕೊಂಡರೆ ಅಲ್ಲ. ಒಂದು ಮಗುವಿನ ಶಾಲೆ, ವಾಸದ ಬೀದಿ, ಮುಂದೆ ಮದುವೆಯಾಗಬಹುದಾದವರು, ಎಲ್ಲವೂ ಕೂದಲಿನ ಸುರುಳಿಯ ಮೇಲೆ ನಿಂತಿತ್ತು. ಒಂದೇ ಮನೆಯವರು ಬೇರೆ ಬೇರೆ ಪಟ್ಟಿಗಳಿಗೆ ಸೇರಿ ಸಂಸಾರಗಳು ಒಡೆದವು. ಆ ಕಾಯಿದೆ ರದ್ದಾದದ್ದು 1991ರಲ್ಲಿ.

ಅಮೆರಿಕದಲ್ಲಿ ಕರಿಯ ಜನರ ಕೂದಲಿನ ಕಥೆ ಇನ್ನೂ ದೀರ್ಘವಾದದ್ದು. ಗುಲಾಮಗಿರಿಯಿಂದ ಬಿಡುಗಡೆಯಾದ ತಂದೆ ತಾಯಿಗೆ 1867ರಲ್ಲಿ ಹುಟ್ಟಿದ ಸಾರಾ ಬ್ರೀಡ್‌ಲವ್, ತಮ್ಮದೇ ಕೂದಲು ಉದುರತೊಡಗಿದಾಗ ನೆತ್ತಿಗೆ ಹಚ್ಚುವ ಮುಲಾಮಿನ ವ್ಯಾಪಾರಕ್ಕೆ ಇಳಿದು ಮೇಡಮ್ ಸಿ.ಜೆ. ವಾಕರ್ ಎಂದು ಹೆಸರಾದರು. ಪೆಟ್ರೋಲಿಯಂ ಜೆಲ್ಲಿ ಮತ್ತು ಗಂಧಕ ಅದರ ಮುಖ್ಯ ಸಾಮಗ್ರಿ. ಸಾವಿರಾರು ಕರಿಯ ಹೆಂಗಸರು ಅದನ್ನು ಮನೆಮನೆಗೆ ಮಾರಿ ಸ್ವಂತ ಸಂಪಾದನೆ ಕಂಡರು. ಕಾಯಿಸಿದ ಬಾಚಣಿಗೆಯ ಬಳಕೆಯೂ ಅವರ ಕೇಶಕ್ರಮದಲ್ಲಿ ಇತ್ತು. ಆದರೂ ತಮ್ಮನ್ನು ಕೂದಲು ನೇರ ಮಾಡುವವರೆಂದು ಕರೆಯುವುದು ಅವರಿಗೆ ಒಪ್ಪಿಗೆಯಾಗಿರಲಿಲ್ಲ. ನೆತ್ತಿಯ ಆರೋಗ್ಯವೇ ತಮ್ಮ ಕೆಲಸ ಎನ್ನುತ್ತಿದ್ದರು. ಗಂಡಸರ ಪಾಡು ಬೇರೆ. ಸುಡುಕ್ಷಾರ, ಮೊಟ್ಟೆ, ಆಲೂಗಡ್ಡೆ ಕಲಸಿ ತಲೆಗೆ ಹಚ್ಚಿಕೊಂಡು, ಉರಿ ತಾಳುವಷ್ಟು ಹೊತ್ತು ತಾಳಿ ಕೂದಲು ನೇರ ಮಾಡಿಕೊಳ್ಳುವ ಕಾಂಕ್ ಎಂಬ ಕ್ರಮವಿತ್ತು. ತಾನು ಹಾಗೆ ಮಾಡಿಸಿಕೊಂಡದ್ದನ್ನು ಮಾಲ್ಕಮ್ ಎಕ್ಸ್ ತಮ್ಮ ಆತ್ಮಕಥೆಯಲ್ಲಿ (1965) ಕಹಿಯಾಗಿ ವಿವರಿಸಿದ್ದಾರೆ.

ಈ ಕಥೆಯಲ್ಲಿ ಒಂದು ತಿರುವು ನನಗೆ ಬಹಳ ಇಷ್ಟ. ಅಮೆರಿಕದ ಕರಿಯ ನರ್ತಕಿ ಜೋಸೆಫೀನ್ ಬೇಕರ್ 1925ರಲ್ಲಿ ಪ್ಯಾರಿಸ್ಸಿಗೆ ಬಂದರು. ತಲೆಗೆ ಅರಗಿನಂತೆ ಅಂಟಿದ, ಹೊಳೆಯುವ, ತುಂಡು ಕೂದಲು ಅವರ ಗುರುತಾಯಿತು. ಪ್ಯಾರಿಸ್ಸಿನ ಬಿಳಿಯ ಹೆಂಗಸರು ಅದನ್ನೇ ಬಯಸಿದರು. ಕೆಲವೇ ವರ್ಷಗಳಲ್ಲಿ ಅವರ ಹೆಸರಿನ ಬೇಕರ್‌ಫಿಕ್ಸ್ ಎಂಬ ಲೇಪನ ಮಾರುಕಟ್ಟೆಗೆ ಬಂದು ಭರ್ಜರಿಯಾಗಿ ಖರ್ಚಾಯಿತು. ಯಾರ ಕೂದಲನ್ನು ಸರಿಯಿಲ್ಲ ಎನ್ನುತ್ತಿದ್ದರೋ ಅವರೇ ಉಳಿದವರಿಗೆ ಲೇಪನ ಮಾರಿದರು!

1960ರ ದಶಕದಲ್ಲಿ ನಾಗರಿಕ ಹಕ್ಕುಗಳ ಹೋರಾಟದ ಜೊತೆಗೆ, ಕೂದಲನ್ನು ಇದ್ದ ಹಾಗೆಯೇ ಬಿಡುವ ಆಫ್ರೋ ಬಂತು. ಆದರೂ ಕಚೇರಿ, ಶಾಲೆ, ಸೈನ್ಯಗಳ ನಿಯಮ ಬದಲಾಗಲು ಬಹಳ ಕಾಲ ಹಿಡಿಯಿತು. ಅಮೆರಿಕದ ಭೂಸೇನೆ 2014ರಲ್ಲಿ ಕರಿಯ ಮಹಿಳೆಯರು ರೂಢಿಯಾಗಿ ಹಾಕುವ ಕೆಲವು ಬಗೆಯ ಹೆಣಿಗೆಗಳನ್ನು ನಿಷೇಧಿಸಿ, ಪ್ರತಿಭಟನೆ ಬಂದ ಮೇಲೆ ಅದೇ ವರ್ಷ ಸಡಿಲಿಸಬೇಕಾಯಿತು. ಜೆಲ್ ಮೆತ್ತಿ ಬಿಗಿಯಾಗಿ ಎಳೆದು ಕಟ್ಟಿದ ತುರುಬಿನಿಂದ ಕೂದಲು ಬುಡಸಹಿತ ಉದುರುತ್ತದೆಂಬ ವೈದ್ಯರ ಮಾತನ್ನೂ ಗಮನಿಸಿ 2021ರಲ್ಲಿ ನಿಯಮಗಳನ್ನು ಇನ್ನಷ್ಟು ತೆರವು ಮಾಡಿತು. ಕೂದಲಿನ ಸ್ವಭಾವದ ಕಾರಣಕ್ಕೆ ಕೆಲಸದಲ್ಲಿ, ಶಾಲೆಯಲ್ಲಿ ಭೇದ ಮಾಡಬಾರದೆಂಬ ಕ್ರೌನ್ ಕಾಯಿದೆಯನ್ನು ಮೊದಲು ಜಾರಿಗೆ ತಂದದ್ದು ಕ್ಯಾಲಿಫೋರ್ನಿಯಾ, 2019ರಲ್ಲಿ. ಅನಂತರ ಇತರ ಹಲವು ರಾಜ್ಯಗಳು ಅನುಸರಿಸಿದವು.

ಇನ್ನು ನಿಮ್ಮ ಮನೆಯ ಕನ್ನಡಿಗೆ ಬರೋಣ. ಕೂದಲಿನ ಎಳೆಯನ್ನು ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೇರ ಕೂದಲು ಹೆಚ್ಚು ಕಡಿಮೆ ದುಂಡಗೆ, ಗುಂಗುರು ಕೂದಲು ಚಪ್ಪಟೆಯಾಗಿ ಕಾಣುತ್ತದೆ. ನೆತ್ತಿಯ ಜಿಡ್ಡು ನೇರ ಎಳೆಯ ಮೇಲೆ ಸಲೀಸಾಗಿ ಇಳಿಯುತ್ತದೆ, ಸುರುಳಿಯಲ್ಲಿ ಇಳಿಯಲಾರದು. ಹಾಗಾಗಿ ಗುಂಗುರು ಕೂದಲು ಸಹಜವಾಗಿಯೇ ಒಣ ಕೂದಲು. ಅಮೆರಿಕದ ಕೇಶ ವಿನ್ಯಾಸಕಾರ ಆಂಡ್ರೆ ವಾಕರ್ 1990ರ ದಶಕದಲ್ಲಿ ಕೂದಲನ್ನು ನೇರ, ಅಲೆ, ಗುಂಗುರು, ಬಿಗಿ ಸುರುಳಿ ಎಂದು ನಾಲ್ಕು ಬಗೆ ಮಾಡಿದ್ದು ಈಗ ಎಲ್ಲ ಕಡೆ ಬಳಕೆಯಲ್ಲಿದೆ. ನಾಲ್ಕೂ ನಮ್ಮ ನಾಡಿನಲ್ಲೇ ಇವೆ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿ ಜನರ ಪೂರ್ವಜರು ಆಫ್ರಿಕಾದಿಂದ ಬಂದವರು. ಅಲ್ಲಿನ ಹುಡುಗಿಯೊಬ್ಬಳು ಅಂಗಡಿಯ ಜೆಲ್ ಕೊಂಡರೆ ಡಬ್ಬಿಯ ಸೂಚನೆ ಅವಳಿಗೆ ಸಲ್ಲುವುದಿಲ್ಲ, ಅಷ್ಟೆ. ಅವಳ ಕೂದಲಿನಲ್ಲಿ ದೋಷವೇನೂ ಇಲ್ಲ.

ತೆಳುವಾದ ನೇರ ಕೂದಲಿಗೆ ಕಡಲೆಕಾಳಿನಷ್ಟು ಜೆಲ್ ಸಾಕು, ಹೆಚ್ಚಾದರೆ ಭಾರಕ್ಕೆ ನೆತ್ತಿಗೇ ಅಂಟಿಕೊಳ್ಳುತ್ತದೆ. ದಪ್ಪ ನೇರ ಕೂದಲಿಗೆ ಗಟ್ಟಿ ಜೆಲ್ ಬೇಕು. ಟವೆಲಿನಿಂದ ಒರೆಸಿ ಅರೆಒದ್ದೆಯಾಗಿರುವಾಗ ಹಚ್ಚಿ, ಬಾಚಿ, ಆಮೇಲೆ ಮುಟ್ಟಬೇಡಿ. ಅಲೆಯಲೆ ಕೂದಲಿನವರು ತುದಿಯಿಂದ ಬುಡದ ಕಡೆಗೆ ಅಂಗೈಯಲ್ಲಿ ಹಿಡಿದು ಹಿಂಡುತ್ತ ಹಚ್ಚಬೇಕು, ಬಾಚಣಿಗೆಗೆ ರಜೆ. ಗುಂಗುರು ಕೂದಲಿಗಂತೂ ನೀರು ತೊಟ್ಟಿಕ್ಕುತ್ತಿರುವಾಗಲೇ ಹಚ್ಚಬೇಕು. ಮೊದಲು ಒಂದಿಷ್ಟು ಎಣ್ಣೆ ಅಥವಾ ಕಂಡೀಷನರ್, ಅದರ ಮೇಲೆ ಧಾರಾಳವಾಗಿ ಜೆಲ್. ಒಣಗಿದಾಗ ಹಪ್ಪಳದಂತೆ ಗರಿಗರಿಯಾಗುತ್ತದೆ, ಹೆದರಬೇಡಿ. ಪೂರ್ತಿ ಒಣಗಿದ ಮೇಲೆ ಅಂಗೈಗೆ ಎರಡು ತೊಟ್ಟು ಎಣ್ಣೆ ಸವರಿಕೊಂಡು ಮೆಲ್ಲಗೆ ಹಿಂಡಿದರೆ ಗರಿ ಒಡೆದು ಸುರುಳಿ ಮೆತ್ತಗೆ ಉಳಿಯುತ್ತದೆ. ಬಿಗಿ ಸುರುಳಿಯ ಕೂದಲನ್ನು ಸಣ್ಣ ಸಣ್ಣ ಪಾಲು ಮಾಡಿ, ನೀರು, ಎಣ್ಣೆ, ಜೆಲ್ ಈ ಕ್ರಮದಲ್ಲಿ ಹಚ್ಚಿ, ಒಂದೊಂದು ಪಾಲನ್ನೂ ಬೆರಳಿಗೆ ಸುತ್ತಿ ಬಿಡಬೇಕು. ಕೆಲಸ ನಿಧಾನದ್ದು. ಕೂದಲು ಯಾವ ಬಗೆಯದೇ ಇರಲಿ, ಜೆಲ್ ಮೆತ್ತಿ ದಿನವೂ ಬಿಗಿಯಾಗಿ ಎಳೆದು ಕಟ್ಟಬೇಡಿ. ಮೊದಲು ಹೋಗುವುದು ಕಪಾಳದ ಪಕ್ಕದ ಕೂದಲು. ಬೇಗ ಎಚ್ಚೆತ್ತರೆ ಮತ್ತೆ ಬಂದೀತು, ವರ್ಷಗಟ್ಟಲೆ ಬಿಟ್ಟರೆ ಬರಲಾರದು.

ಗುಂಗುರು ಕೂದಲಿನವರು ಈಗ ದೇಶದೇಶಗಳಲ್ಲಿ ಮನೆಯಲ್ಲೇ ಮಾಡಿಕೊಳ್ಳುತ್ತಿರುವ ಜೆಲ್ಲಿನ ಮೂಲವಸ್ತು, ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುವ ಅಗಸಿ. ಹಳೆಯ ಬ್ಯಾಂಡೊಲೀನಿನ ಉಪಾಯವೇ, ಬೀಜ ಮಾತ್ರ ಬೇರೆ. ನಾಲ್ಕು ದೊಡ್ಡ ಚಮಚ ಅಗಸಿಯನ್ನು ಎರಡು ಲೋಟ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕುದಿಸಿ. ಮೊಟ್ಟೆಯ ಬಿಳಿಯ ಹದಕ್ಕೆ ಬಂದ ಕೂಡಲೇ ಇಳಿಸಿ, ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಆರಿದರೆ ಬೀಜಕ್ಕೂ ಲೋಳೆಗೂ ಬೇರ್ಪಡಿಸಲಾಗದ ನಂಟು. ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಬಳಸಿ ಮುಗಿಸಿ, ವಾಸನೆ ಬಂದರೆ ಗಿಡದ ಬುಡಕ್ಕೆ ಚೆಲ್ಲಿ.